ಚಿತ್ರದ ಕೆಳಗೆ ಬಾರದ ಹೆಸರು: ಹೋಮೈ ವ್ಯಾರವಾಲಾ

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ಪತ್ರಿಕೆಗಳ ವಿಶೇಷ ಪುಟಗಳಲ್ಲಿ ಕೆಲವು ಕಪ್ಪು-ಬಿಳುಪು ಚಿತ್ರಗಳು ಮತ್ತೆ ಕಾಣಿಸಿಕೊಳ್ಳುತ್ತವೆ. 1947ರ ಜೂನ್‌ನಲ್ಲಿ ದೇಶ ವಿಭಜನೆಗೆ ಸಮ್ಮತಿಸಿ ಕೈ ಎತ್ತಿದ ಕಾಂಗ್ರೆಸ್ ನಾಯಕರು, ಅದೇ ವರ್ಷ ಆಗಸ್ಟ್ 16ರಂದು ಕೆಂಪುಕೋಟೆಯ ಮೇಲೆ ಮೊದಲ ಬಾರಿಗೆ ಏರಿದ ತ್ರಿವರ್ಣ ಧ್ವಜ, ಪಾರಿವಾಳವನ್ನು ಹಾರಿಬಿಡುತ್ತಿರುವ ನೆಹರೂ. ಇವೆಲ್ಲವನ್ನೂ ಸೆರೆಹಿಡಿದ ಹೋಮೈ ವ್ಯಾರವಾಲಾ ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಆದರೆ ಚಿತ್ರಗಳು ನಮ್ಮ ನೆನಪಿನಲ್ಲಿ ಉಳಿದಷ್ಟು ಕಾಲ ಅವರ ಹೆಸರು ಉಳಿಯಲಿಲ್ಲ. ಅದು ಹೇಗಾಯಿತೆಂದು ತಿಳಿಯಲು ಅವರ ವೃತ್ತಿಜೀವನದ ಆರಂಭಕ್ಕೆ ಹೋಗಬೇಕು.

ಹೋಮೈ ಹುಟ್ಟಿದ್ದು 1913ರ ಡಿಸೆಂಬರ್ 9ರಂದು, ಗುಜರಾತಿನ ನವಸಾರಿಯ ಪಾರ್ಸಿ ಕುಟುಂಬದಲ್ಲಿ. ತಂದೆ ಊರೂರು ತಿರುಗುವ ನಾಟಕ ಕಂಪನಿಯ ನಟರಾಗಿದ್ದರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದುತ್ತಿದ್ದಾಗ ಅವರಿಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು ಮುಂದೆ ಪತಿಯಾದ ಮಾಣಿಕ್‌ಶಾ.

1938ರಲ್ಲಿ ಮಹಿಳಾ ಕ್ಲಬ್ಬೊಂದರ ವನಭೋಜನದ ಚಿತ್ರಗಳು ‘ಬಾಂಬೆ ಕ್ರಾನಿಕಲ್’ನಲ್ಲಿ ಅಚ್ಚಾದವು. ಆಗಿನ್ನೂ ಹೆಸರಿಲ್ಲದ ಹೋಮೈ ಅವರ ಆರಂಭದ ಚಿತ್ರಗಳು ಮಾಣಿಕ್‌ಶಾ ಹೆಸರಿನಲ್ಲಿ ಪ್ರಕಟವಾಗುತ್ತಿದ್ದವು. ಮುಂದೆ ಅವರು ‘ಡಾಲ್ಡಾ 13’ ಎಂಬ ಗುಪ್ತನಾಮವನ್ನೂ ಬಳಸಿದರು. ಹುಟ್ಟಿದ ವರ್ಷ 13, ಪತಿಯನ್ನು ಮೊದಲು ಕಂಡಾಗ ವಯಸ್ಸು 13, ಮೊದಲ ಕಾರಿನ ನಂಬರ್ ಡಿಎಲ್‌ಡಿ 13: ಹೆಸರು ಹುಟ್ಟಿದ್ದು ಹೀಗೆ. ಕೇಳಲು ಸೊಗಸಾದ ಕಥೆಯೇನೋ ಹೌದು, ಆದರೆ ಆ ಹೆಸರಿನ ಹಿಂದೆ ಇರುವುದು ಒಬ್ಬ ಹೆಂಗಸು ಎಂಬುದನ್ನು ಓದುಗರು ಊಹಿಸುವುದಾದರೂ ಹೇಗೆ?

1942ರಲ್ಲಿ ದಂಪತಿ ದೆಹಲಿಗೆ ಬಂದು ಬ್ರಿಟಿಷ್ ವಾರ್ತಾ ಸೇವೆಯನ್ನು ಸೇರಿದರು. ಸೀರೆಯುಟ್ಟು, ಭಾರದ ಉಪಕರಣಗಳನ್ನು ಹೊತ್ತು, ಸೈಕಲ್ ತುಳಿದು ಹೋಮೈ ರಾಜಧಾನಿಯನ್ನು ಸುತ್ತಿದರು. ಅವರ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಫಿಲ್ಮ್ ಹಾಳೆಯನ್ನು ಹೊಸದಾಗಿ ಅಣಿಗೊಳಿಸಬೇಕಿತ್ತು, ಒಮ್ಮೆ ಮಿಂಚಿದ ಫ್ಲ್ಯಾಷ್ ಬಲ್ಬನ್ನು ಕಿತ್ತು ಇನ್ನೊಂದನ್ನು ಹಾಕಬೇಕಿತ್ತು. ಆದ್ದರಿಂದ ಗುಂಡಿ ಒತ್ತುವ ಮುನ್ನ ಸರಿಯಾದ ಕ್ಷಣಕ್ಕಾಗಿ ಕಾಯುವುದೇ ಕಸುಬಿನ ಮುಖ್ಯ ಭಾಗವಾಗಿತ್ತು. ಪಾಲಂ ವಿಮಾನ ನಿಲ್ದಾಣದ ಒಂದು ಚಿತ್ರವನ್ನು ಗಮನಿಸಿ: ಛಾಯಾಗ್ರಹಣ ಕಡ್ಡಾಯವಾಗಿ ನಿಷಿದ್ಧ ಎಂದು ಬರೆದ ಫಲಕದ ಪಕ್ಕದಲ್ಲೇ ಪ್ರಧಾನಿ ನೆಹರೂ ನಿಂತಿದ್ದಾರೆ. ಕ್ಯಾಮೆರಾ ಹಿಡಿದ ಹೆಂಗಸನ್ನು ಜನ ಮೊದಮೊದಲು ಗಂಭೀರವಾಗಿ ಪರಿಗಣಿಸಲಿಲ್ಲ, ಅದೇ ತನಗೆ ಅನುಕೂಲವಾಯಿತು ಎಂದು ಹೋಮೈ ಮುಂದೆ ಹೇಳಿದ್ದುಂಟು. ಆ ಅಸಡ್ಡೆಯ ನಡುವೆಯೇ ಇಂಥ ಚಿತ್ರ ತೆಗೆಯುವ ಕಣ್ಣು ಅವರಿಗಿತ್ತು ಎಂಬುದನ್ನು ನಾನು ಅವರ ದೊಡ್ಡ ಸಾಧನೆಯೆಂದೇ ಎಣಿಸುತ್ತೇನೆ.

1948ರ ಜನವರಿ 30ರಂದು ಅವರು ಗಾಂಧೀಜಿಯ ಪ್ರಾರ್ಥನಾ ಸಭೆಗೆಂದು ಹೊರಟಿದ್ದರು. ಪತಿ ತಡೆದಿದ್ದರಿಂದ ಹಿಂದಿರುಗಿದರು. ಅಂತ್ಯಯಾತ್ರೆಯ ಚಿತ್ರಗಳನ್ನು ತೆಗೆದರೂ ಅಂದು ಬಿರ್ಲಾ ಭವನದಲ್ಲಿ ತಾನಿರಲಿಲ್ಲವೆಂಬ ಕೊರಗು ಅವರನ್ನು ಕೊನೆತನಕ ಬಿಡಲಿಲ್ಲ.

ಪತಿಯ ಮರಣಾನಂತರ, 1970ರಲ್ಲಿ, ಹೊಸ ತಲೆಮಾರಿನ ಛಾಯಾಗ್ರಾಹಕರ ನಡವಳಿಕೆಗೆ ಬೇಸತ್ತು ಅವರು ವೃತ್ತಿಯನ್ನೇ ತೊರೆದರು. ಮುಂದೆ ವಡೋದರಾದಲ್ಲಿ ನೆಲೆಸಿದರು. 1989ರಲ್ಲಿ ಒಬ್ಬನೇ ಮಗನೂ ತೀರಿಕೊಂಡ ಮೇಲೆ ಒಂಟಿಯಾಗಿ ಬಾಳಿದರು. 2006ರಲ್ಲಿ ಸಬೀನಾ ಗಡಿಹೋಕೆ ಅವರ ಪುಸ್ತಕ ಹೊರಬಂದು ಈ ಬದುಕು ಸಮಗ್ರವಾಗಿ ದಾಖಲಾಯಿತು. 2010ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಪ್ರದರ್ಶನ, 2011ರಲ್ಲಿ ಪದ್ಮವಿಭೂಷಣ. ಆಗ ಅವರಿಗೆ 97 ವರ್ಷ. 2012ರ ಜನವರಿ 15ರಂದು ನಿಧನರಾಗುವ ಮೊದಲೇ ತಮ್ಮ ಸಂಗ್ರಹವನ್ನು ದೆಹಲಿಯ ಅಲ್ಕಾಜಿ ಪ್ರತಿಷ್ಠಾನಕ್ಕೆ ಒಪ್ಪಿಸಿದ್ದರು. ಅಲ್ಲಿಂದ ಅಚ್ಚಿಗೆ ಹೋಗುವ ಚಿತ್ರಗಳ ಕೆಳಗಿನ ಸಾಲು ಈಗ ‘ಎಚ್.ವಿ. ಆರ್ಕೈವ್’ ಎಂದು ಆರಂಭವಾಗುತ್ತದೆ.