ಆಕ್ರಮಣ ಮಾಡದ ಕಿಟಕಿ

ಕಳೆದ ತಿಂಗಳು ಬೆಳಿಗ್ಗೆ ಏಳಕ್ಕೇ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಿತ್ತು. ‘ಪುಣೆ ಕಾಕಾ ವೆಂಟಿಲೇಟರ್ ಮೇಲೆ ಇದ್ದಾರೆ. ಎಲ್ಲರೂ ದೇವರಲ್ಲಿ ಬೇಡಿಕೊಳ್ಳಿ.’ ಹತ್ತು ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಧಾರವಾಡದ ಅತ್ತೆ ರಾತ್ರಿ ಬಸ್ಸಿಗೆ ಸೀಟು ಹುಡುಕಲು ಶುರು ಮಾಡಿದರು. ಆ ಹೊತ್ತಿಗೆ ಕಾಕಾ ಕೋಥ್ರೂಡಿನ ಮನೆಯಲ್ಲಿ ಮಾಸ್ಕ್ ತೆಗೆದಿಟ್ಟು, ಮುಖ ತೊಳೆದು, ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು. ಕೊನೆಗೆ ಅವರೇ ಬರೆದರು: ‘ನಾ ಮೆಷಿನ್ ಮ್ಯಾಲ ಇಲ್ಲ. ಮೆಷಿನ್ ಟೀಪಾಯಿ ಮ್ಯಾಲ ಅದ. ನಾ ಕುರ್ಚಿ ಮ್ಯಾಲ ಇದ್ದೀನಿ.’

ಕಾಕಾಗೆ ಸಿಒಪಿಡಿ, ಅಂದರೆ ಗಾಳಿಯ ದಾರಿ ಕಿರಿದಾಗಿ ಉಸಿರಾಡುವುದೇ ಕಷ್ಟವಾಗುವ, ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ. ರಾತ್ರಿ ಮಲಗುವಾಗ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಒಂದು ಪುಟ್ಟ ಮೆಷಿನ್ ಹಚ್ಚಿಕೊಳ್ಳುತ್ತಾರೆ. ಇದಕ್ಕೆ ನಾನ್-ಇನ್ವೇಸಿವ್ ವೆಂಟಿಲೇಷನ್ ಅಂತ ಹೆಸರು. ಡಾಕ್ಟರ ಚೀಟಿಯಲ್ಲಿ ಎನ್‌ಐವಿ. ಮೆಸೇಜ್ ಹಾಕಿದವರು ಪೂರ್ತಿ ಸುಳ್ಳು ಹೇಳಿರಲಿಲ್ಲ, ಅದೇ ತೊಂದರೆ. ಇದೂ ವೆಂಟಿಲೇಟರೇ. ಆದರೆ ಆ ಪದ ಕೇಳಿದ ಕೂಡಲೇ ನಮಗೆ ಐಸಿಯು, ಗಂಟಲಲ್ಲಿ ಕೊಳವೆ, ಹೊರಗೆ ಬೆಂಚಿನ ಮೇಲೆ ಅಳುವ ಜನ ಕಾಣುತ್ತಾರೆ.

ಇಂಗ್ಲಿಷ್ ಬಿಟ್ಟು ಕನ್ನಡದಲ್ಲಾದರೂ ಸರಿಯಾಗಿ ಹೇಳಿದ್ದಾರಾ? ಅದೂ ಇಲ್ಲ. ಮೆಷಿನ್ ಜೊತೆ ಬಂದ ಕರಪತ್ರದಲ್ಲಿ ಹೀಗೆ ಅಚ್ಚಾಗಿದೆ: ‘ಆಕ್ರಮಣಶೀಲವಲ್ಲದ ವಾತಾಯನ.’ ಕಾಕಾ ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಯಾರ ಮ್ಯಾಲ ಆಕ್ರಮಣ ಮಾಡೂದಿಲ್ಲಂತ ಇದು?’

ಇನ್ವೇಸಿವ್ ಪದದ ಮೂಲ ಲ್ಯಾಟಿನ್. ಒಳಗೆ ಹೋಗು ಅನ್ನುವುದೇ ಅದರ ಬೇರು. ಸೈನ್ಯ ಊರೊಳಗೆ ನುಗ್ಗಿದರೆ ಆಕ್ರಮಣ, ಸರಿ. ವೈದ್ಯರು ಅದನ್ನು ತೀರಾ ಸಪ್ಪೆಯಾಗಿ ಬಳಸುತ್ತಾರೆ. ದೇಹದೊಳಗೆ ಏನಾದರೂ ಇಳಿಸಿದರೆ ಇನ್ವೇಸಿವ್, ಇಳಿಸದಿದ್ದರೆ ನಾನ್-ಇನ್ವೇಸಿವ್. ಬಾಯಿಂದ ಶ್ವಾಸನಾಳಕ್ಕೆ ಕೊಳವೆ ಹಾಕಿ, ಇಲ್ಲವೇ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರು ಕೊಟ್ಟರೆ ಮೊದಲನೆಯದು. ಮೂಗಿನ ಮೇಲೆ ಅಥವಾ ಮೂಗು-ಬಾಯಿ ಎರಡರ ಮೇಲೂ ಮಾಸ್ಕ್ ಕೂರಿಸಿ ಕೊಟ್ಟರೆ ಎರಡನೆಯದು. ‘ಕೊಳವೆ ಇಳಿಸದ’ ಅಂದಿದ್ದರೆ ಸಾಕಿತ್ತು. ಇದು ಹೊಸ ಕಲ್ಪನೆಯೂ ಅಲ್ಲ. 1928ರಲ್ಲಿ ಬಾಸ್ಟನ್ನಿನಲ್ಲಿ ಬಳಕೆಗೆ ಬಂದ ಕಬ್ಬಿಣದ ಶ್ವಾಸಕೋಶ ನೆನಪಿಸಿಕೊಳ್ಳಿ. ಪೋಲಿಯೋ ಆದ ಮಕ್ಕಳನ್ನು ಕುತ್ತಿಗೆವರೆಗೆ ಒಂದು ಉರುಳೆಯೊಳಗೆ ಮಲಗಿಸುತ್ತಿದ್ದರು. ಉರುಳೆಯ ಒತ್ತಡ ಇಳಿದಾಗ ಎದೆ ಹಿಗ್ಗಿ ಗಾಳಿ ಒಳಗೆ ಬರುತ್ತಿತ್ತು. ದೇಹದೊಳಗೆ ಏನೂ ಹೋಗುತ್ತಿರಲಿಲ್ಲ, ದೇಹವೇ ಮೆಷಿನ್ ಒಳಗೆ! ಲೆಕ್ಕದ ಪ್ರಕಾರ ಅದೂ ನಾನ್-ಇನ್ವೇಸಿವ್.

ಇನ್ನು ವಾತಾಯನ. ಸಂಸ್ಕೃತದಲ್ಲಿ ವಾತ ಅಂದರೆ ಗಾಳಿ, ಅಯನ ಅಂದರೆ ದಾರಿ. ಗಾಳಿಯ ದಾರಿ, ಅಂದರೆ ಕಿಟಕಿ. ಹಾಗಾಗಿ ಕರಪತ್ರ ಹೇಳುತ್ತಿರುವುದು ‘ಆಕ್ರಮಣ ಮಾಡದ ಕಿಟಕಿ’ ಅಂತ. ಹಳೆಯ ಮನೆಗಳಲ್ಲಿ ಬಚ್ಚಲಿನ ಬಾಗಿಲ ಮೇಲಿನ ಸಂದಿಗೂ ವೆಂಟಿಲೇಟರ್ ಅಂತಲೇ ಕರೆಯುತ್ತಿದ್ದೆವಲ್ಲ, ಅಲ್ಲಿಗೆ ಹೊಂದೀತು. ಆದರೆ ಲ್ಯಾಟಿನ್ನಿನಲ್ಲಿ ಆ ಪದ ಸುಮ್ನೆ ಗಾಳಿ ಬರುವ ದಾರಿಯಲ್ಲ, ಅದೊಂದು ಕೆಲಸ. ವೆಂಟುಸ್ ಅಂದರೆ ಗಾಳಿ. ವೆಂಟಿಲಾರೆ ಅಂದರೆ ಬೀಸು, ಕಾಳನ್ನು ಗಾಳಿಗೆ ತೂರು. ಕಣದಲ್ಲಿ ನಿಂತು ಜೋಳ ತೂರುವವರ ಕೆಲಸ! ಗಾಳಿ ಬಂದಾಗ ತೂರಿಕೋ ಅಂತ ನಮ್ಮಲ್ಲಿ ಗಾದೆಯೇ ಇದೆ. ಕಾಕಾನ ಮೆಷಿನ್ ಮಾಡುವುದು ಅದರ ತಿರುವುಮುರುವು. ಇಲ್ಲಿ ಗಾಳಿಯೇ ಮನುಷ್ಯನಿಗಾಗಿ ಕಾಯುತ್ತದೆ. ಕಾಕಾ ಉಸಿರು ಎಳೆಯಲು ಶುರು ಮಾಡಿದ್ದು ಗೊತ್ತಾದ ಕೂಡಲೇ ಮೆಷಿನ್ ಜೋರಾಗಿ ನೂಕುತ್ತದೆ. ಬಿಡುವಾಗ ಒತ್ತಡ ಇಳಿಸುತ್ತದೆ. ಪೂರ್ತಿ ಇಳಿಸುವುದಿಲ್ಲ, ಗಾಳಿಯ ದಾರಿ ಮುಚ್ಚಿಕೊಳ್ಳದ ಹಾಗೆ ಸ್ವಲ್ಪ ಉಳಿಸಿಕೊಳ್ಳುತ್ತದೆ. ಎರಡು ಮಟ್ಟದ ಒತ್ತಡ, ಅದಕ್ಕೇ ಬೈಪ್ಯಾಪ್. ಅಸಲಿಗೆ ಅದು ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ. ಸಿಪ್ಯಾಪ್ ಬೇರೆ, ಅದರದು ಒಂದೇ ಒತ್ತಡ, ಹೆಚ್ಚಾಗಿ ಗೊರಕೆ ಹೊಡೆದು ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾಗೆ.

ಕಾಕಾ ಇದಕ್ಕೆ ‘ತಿದಿ’ ಅನ್ನುತ್ತಾರೆ. ಕುಲುಮೆಯ ತಿದಿ. ಕರಪತ್ರ ಬರೆದವರಿಗೆ ಹೊಳೆಯದ ಪದ.

ತಿದಿ ಅಂದಾಗ ಇನ್ನೊಂದು ಗೊಂದಲವೂ ಹೋಗಬೇಕು. ನನಗೆ ನಿಜವಾಗಿ ಸಿಟ್ಟು ಬರುವುದು ಅಲ್ಲೇ. ಇದು ಆಕ್ಸಿಜನ್ ಮೆಷಿನ್ ಅಲ್ಲ. ತಿದಿ ನೂಕುವುದು ಕೋಣೆಯಲ್ಲಿರುವ ಗಾಳಿಯನ್ನೇ. ಅದರಲ್ಲಿ ಆಕ್ಸಿಜನ್ ಇರುವುದು ಶೇಕಡಾ 21. ಬೇಕಾದವರಿಗೆ ಪಕ್ಕದಿಂದ ಆಕ್ಸಿಜನ್ ಪೈಪ್ ಸೇರಿಸಬಹುದು, ಅದು ಬೇರೆ ಮಾತು. ಪರದೆಯ ಮೇಲೆ 16 ಮತ್ತು 5 ಅಂತ ನೋಡಿದ ಭಾವ ಒಬ್ಬರು ‘ಹದಿನಾರು ಲೀಟರ್ ಬೇಕಾಗ್ತದೇನು!’ ಅಂತ ಬೆಚ್ಚಿಬಿದ್ದರು. ಲೀಟರ್ ಅಲ್ಲ ಭಾವ, ಒತ್ತಡ. ಸೆಂಟಿಮೀಟರ್ ನೀರಿನ ಲೆಕ್ಕ.

ಈ ಗೊಂದಲ ನಗುವಲ್ಲಿಗೇ ಮುಗಿಯುವುದಿಲ್ಲ. ಕಾಕಾಗೆ ಹಗಲು ನಿಮಿಷಕ್ಕೆ ಒಂದು ಲೀಟರ್ ಆಕ್ಸಿಜನ್ ಹೇಳಿದ್ದರು. ಆಕ್ಸಿಮೀಟರಿನಲ್ಲಿ 89 ನೋಡಿ ಗಾಬರಿಯಾದ ನನ್ನ ತಮ್ಮ ನಾಲ್ಕಕ್ಕೆ ಏರಿಸಿದ. ಅಂಕಿ 97 ಆಯಿತು. ಸಂಜೆಗೆ ಕಾಕಾ ತೂಕಡಿಸಲು ಶುರು, ಕರೆದರೆ ‘ಹೂಂ’ ಅಷ್ಟೇ. ಸಿಒಪಿಡಿ ಇದ್ದು ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿಯುವ ಅಪಾಯ ಇರುವವರಿಗೆ ಡಾಕ್ಟರು 88ರಿಂದ 92 ಸಾಕು ಅನ್ನುವುದು ಇದಕ್ಕೇ. ಆಕ್ಸಿಜನ್ ಜಾಸ್ತಿಯಾದರೆ ಆ ಕೆಟ್ಟ ಗಾಳಿ ರಕ್ತದಲ್ಲಿ ಇನ್ನಷ್ಟು ಏರಬಹುದು. ಬೆರಳಿನ ಆಕ್ಸಿಮೀಟರಿಗೆ ಅದು ಕಾಣುವುದೇ ಇಲ್ಲ. ಅಪಧಮನಿಯ ರಕ್ತ ತೆಗೆದು ಎಬಿಜಿ ಅನ್ನುವ ಪರೀಕ್ಷೆ ಮಾಡಿ ನೋಡಬೇಕು, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ 35ರಿಂದ 45 ಇರಬೇಕಾದ ಕಾರ್ಬನ್ ಡೈಆಕ್ಸೈಡ್ ಒತ್ತಡ ಎಷ್ಟಾಗಿದೆ ಅಂತ. ಆ ಕೆಟ್ಟ ಗಾಳಿಯನ್ನು ಹೊರಗೆ ಹಾಕುವುದೇ ತಿದಿಯ ಕೆಲಸ. ಆಕ್ಸಿಜನ್ ಒಂದನ್ನೇ ಕೊಡುವುದಕ್ಕೂ ಜೊತೆಗೆ ಮನೆಯಲ್ಲೇ ಎನ್‌ಐವಿ ಕೊಡುವುದಕ್ಕೂ ವ್ಯತ್ಯಾಸ ನೋಡಿದ ಬ್ರಿಟನ್ನಿನ ಒಂದು ಅಧ್ಯಯನ 2017ರಲ್ಲಿ ಬಂತು. ಆಸ್ಪತ್ರೆಗೆ ಸೇರುವಷ್ಟು ಹದಗೆಟ್ಟು, ಆಮೇಲೂ ಕಾರ್ಬನ್ ಡೈಆಕ್ಸೈಡ್ ಏರಿಯೇ ಇದ್ದ ಸಿಒಪಿಡಿ ರೋಗಿಗಳು ಅವರು. ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾಯುವ ತನಕದ ಮಧ್ಯಕ ಅವಧಿ ಮೊದಲ ಗುಂಪಿಗೆ 1.4 ತಿಂಗಳು, ಎರಡನೆಯದಕ್ಕೆ 4.3.

ನಮ್ಮ ಸೊಸೈಟಿಯ ಒಬ್ಬ ಹುಡುಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯುಗಳು ಸೊರಗುತ್ತಾ ಹೋಗುವ ಕಾಯಿಲೆ. ಅವನ ಶ್ವಾಸಕೋಶ ಚೆನ್ನಾಗಿಯೇ ಇದೆ, ಉಸಿರು ಎಳೆಯುವ ಸ್ನಾಯುಗಳಿಗೆ ಬಲವಿಲ್ಲ. ನಿದ್ದೆಯಲ್ಲಿ ಉಸಿರು ಇನ್ನೂ ಮೇಲುಮೇಲಕ್ಕಾಗಿ ಬೆಳಿಗ್ಗೆ ತಲೆನೋವು ಬರುತ್ತಿತ್ತು. ಅವನಿಗೆ ಬರೀ ಆಕ್ಸಿಜನ್ ಕೊಟ್ಟರೆ ಸುಸ್ತಾದ ಎತ್ತಿಗೆ ಮೇವು ಹಾಕಿ ಗಾಡಿ ಎಳೆಯಲು ಬಿಟ್ಟ ಹಾಗೆ. ಎಳೆಯಲು ಇನ್ನೊಂದು ಎತ್ತು ಬೇಕು.

ಮತ್ತೆ, ಮಾಸ್ಕ್ ಸಣ್ಣ ಕಾಯಿಲೆಗೆ, ಕೊಳವೆ ದೊಡ್ಡ ಕಾಯಿಲೆಗೆ ಅಂತಲೂ ಅಲ್ಲ. ವಾಂತಿ ಆಗುತ್ತಿದ್ದರೆ, ಕಫ ಉಗುಳಲು ಆಗದಿದ್ದರೆ, ಉಸಿರೇ ನಿಲ್ಲುವಂತಿದ್ದರೆ ಮಾಸ್ಕ್ ನಡೆಯುವುದಿಲ್ಲ. ‘ವೆಂಟಿಲೇಟರ್ ಹಾಕಿದ್ದಾರೆ’ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಕೇಳುವುದು ಒಂದೇ: ‘ಟ್ಯೂಬಾ, ಮಾಸ್ಕಾ?’ ಹಾಗೇ ಮಾಸ್ಕಿನ ಸಣ್ಣ ತೂತುಗಳಿಂದ ಗಾಳಿ ಹೊರಬಂದರೆ ಅದು ಸೋರಿಕೆ ಅಲ್ಲ. ಬಿಟ್ಟ ಉಸಿರು ಹೋಗಲಿಕ್ಕೇ ಅವನ್ನು ಇಟ್ಟಿರುವುದು. ನನ್ನ ತಮ್ಮ ಅದಕ್ಕೂ ಟೇಪ್ ಹಚ್ಚಲು ಹೊರಟಿದ್ದ. ಕಾಕಾನ ಹೆಂಡತಿ, ನಮ್ಮ ಕಾಕು, ಅವನ ಕೈ ಹಿಡಿದು ನಿಲ್ಲಿಸಿದರು.

ಇದನ್ನೆಲ್ಲ ಬರೆದು ಕಾಕಾಗೆ ಓದಿ ಹೇಳಿದೆ. ದೇಹದೊಳಗೆ ಏನೂ ಇಳಿಸುವುದಿಲ್ಲ, ಹಾಗಾಗಿ ಆಕ್ರಮಣದ ಮಾತೇ ಇಲ್ಲ ಅಂದೆ. ಅವರು ಕನ್ನಡಕ ತೆಗೆದು ಮುಖ ಮುಂದೆ ತಂದರು. ಮೂಗಿನ ದಂಡೆಯ ಮೇಲೆ ಮಾಸ್ಕ್ ಒತ್ತಿ ಒತ್ತಿ ಕೆಂಪಗೆ ಸುಲಿದಿತ್ತು.

‘ಮತ್ತ ಇದೇನು?’ ಅಂದರು.