ಮೊದಲು ಹಾವು, ಬಣ್ಣ ಆಮೇಲೆ

ಮಗುವಿಗೆ ಬೇಕಿರುವುದು ಬಣ್ಣದ ಹಾವು. ಅಪ್ಪ ಅಮ್ಮನಿಗೆ ಬೇಕಿರುವುದು ಕಚ್ಚದ ಹಾವು. ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ ಗಾಜಿನ ಪೆಟ್ಟಿಗೆಯ ಮುಂದೆ ನಡೆಯುವ ಮಾಮೂಲಿ ಜಗ್ಗಾಟ ಇದು. ಅಲ್ಲಿ ನೆಲೆಸಿದ ಕನ್ನಡದ ಮನೆಗಳೂ ಇದರಿಂದ ಹೊರತಲ್ಲ. ಮಗಳು ಶಾಲೆಯಲ್ಲಿ ಹಾವು ಮುಟ್ಟಿ ಕುಣಿಯುತ್ತ ಬರುತ್ತಾಳೆ, ಊರಿಂದ ಬಂದ ಅಜ್ಜಿ ‘ನಾಗಪ್ಪಾ’ ಅಂತ ಕೈ ಮುಗಿಯುತ್ತಾರೆ.

ಈ ಎರಡು ಬೇಡಿಕೆಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಹಾವಿನ ಬಣ್ಣವನ್ನು ಒಂದೆರಡು ಜೀನ್‌ಗಳು ಬದಲಿಸಿಬಿಡಬಲ್ಲವು. ಸಾಧು ಸ್ವಭಾವ ಹಾಗಲ್ಲ. ಅದು ಆ ಜಾತಿ ಕಾಡಿನಲ್ಲಿ ಹೇಗೆ ಬದುಕುತ್ತದೆ, ಏನು ತಿನ್ನುತ್ತದೆ, ಯಾರಿಗೆ ಹೆದರುತ್ತದೆ ಅನ್ನುವುದರಿಂದ ಬಂದದ್ದು. ಹಾಗಾಗಿ ಮೊದಲು ಜಾತಿ ಆರಿಸಿ, ಬಣ್ಣ ಆಮೇಲೆ ನೋಡಿ ಅನ್ನುವುದು ನನ್ನ ಮಾತು.

ಬಣ್ಣಕ್ಕೆ ಮರುಳಾದರೆ ಏನಾಗುತ್ತದೆ? ನ್ಯೂಗಿನಿ ಕಡೆಯ ಹಸಿರು ಮರಹೆಬ್ಬಾವನ್ನೇ ನೋಡಿ. ಮರಿ ಇದ್ದಾಗ ನಿಂಬೆ ಹಳದಿ ಇಲ್ಲವೇ ಇಟ್ಟಿಗೆ ಕೆಂಪು, ಬೆಳೆದ ಮೇಲೆ ಎಲೆ ಹಸಿರು. ಇಷ್ಟು ಚಂದದ ಹಾವು ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೆ ಹಲ್ಲು ಉದ್ದ, ಮೈ ಮುಟ್ಟಿಸಿಕೊಳ್ಳುವುದು ಅದಕ್ಕೆ ಆಗಿ ಬರುವುದಿಲ್ಲ. ಗಾಜಿನ ಆಚೆಯಿಂದ ನೋಡೋಕೆ ಸರಿ, ಮಕ್ಕಳ ಕೈಗಲ್ಲ. ಕೆಂಪು, ಕಪ್ಪು, ಬಿಳಿ ಪಟ್ಟೆಗಳ ಮಿಲ್ಕ್ ಸ್ನೇಕ್ ಪರವಾಗಿಲ್ಲ. ವಿಷವಿಲ್ಲ, ದೊಡ್ಡದೂ ಅಲ್ಲ. ಮರಿಗಳಿಗೆ ಮಾತ್ರ ಗಾಬರಿ ಜಾಸ್ತಿ. ಹಿಡಿದರೆ ನುಲಿದಾಡಿ, ಹಿಂಬದಿಯಿಂದ ಗಬ್ಬು ವಾಸನೆಯ ದ್ರವ ಬಿಡುತ್ತವೆ. ಅಂದ ಹಾಗೆ, ಇದು ಕೊಟ್ಟಿಗೆಗೆ ನುಗ್ಗಿ ಹಸುವಿನ ಹಾಲು ಕುಡಿಯುತ್ತದೆ ಅಂತ ಅಮೆರಿಕದ ರೈತರು ನಂಬಿದ್ದರು. ಕೊಟ್ಟಿಗೆಗೆ ಬರುವುದು ನಿಜ, ಬರುವುದು ಇಲಿಗಾಗಿ. ನಮ್ಮ ಹಳ್ಳಿಗಳಲ್ಲಿ ಕೇರೆ ಹಾವಿನ ಮೇಲೂ ಇದೇ ಆರೋಪ ಇದೆ, ಅಲ್ವಾ?

ಕೇರೆಯ ಮಾತು ಬಂದದ್ದು ಒಳ್ಳೆಯದಾಯಿತು. ಮಕ್ಕಳಿರುವ ಮನೆಗೆ ನಾನು ಹೇಳುವುದು ಅದರದೇ ಕುಟುಂಬಕ್ಕೆ ಸೇರಿದ ಕಾರ್ನ್ ಸ್ನೇಕ್ ಹೆಸರನ್ನು. ನ್ಯೂಜೆರ್ಸಿಯಿಂದ ಫ್ಲಾರಿಡಾದ ತುದಿಯವರೆಗೆ, ಅಮೆರಿಕದ ಆಗ್ನೇಯ ಭಾಗದ ಕಾಡು, ಹೊಲ, ಕಣಜಗಳಲ್ಲಿ ಇದರ ವಾಸ. ವಿಷವಿಲ್ಲ. ಇಲಿಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಬೆಳೆದರೆ ಸಾಮಾನ್ಯವಾಗಿ 3ರಿಂದ 5 ಅಡಿ, ಮೈ ತೆಳು. ಕಾಡಿನಲ್ಲಿ ಕಿತ್ತಳೆ ಅಥವಾ ಕಂದು ಮೈಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು. ಇದನ್ನು ವಿಷದ ಕಾಪರ್‌ಹೆಡ್ ಅಂದುಕೊಂಡು ಜನ ಹೊಡೆದು ಕೊಲ್ಲುವುದೂ ಉಂಟು.

ಅಂಗಡಿಯಲ್ಲಿ ಮಾತ್ರ ಇದೇ ಹಾವು ಹತ್ತಾರು ಬಣ್ಣಗಳಲ್ಲಿ ಸಿಗುತ್ತದೆ. ಹೇಗೆ?

ನಮ್ಮ ಚರ್ಮದಲ್ಲಿ ಬಣ್ಣ ತಯಾರಿಸುವುದು ಒಂದೇ ಬಗೆಯ ಜೀವಕೋಶ. ಅದು ಮೆಲನಿನ್ ಅನ್ನುವ ಕಪ್ಪು-ಕಂದು ವಸ್ತುವನ್ನು ಮಾಡುತ್ತದೆ. ಹಾವಿನ ಚರ್ಮದಲ್ಲಿ ಕಪ್ಪಿನ ಕೋಶಗಳ ಜೊತೆಗೆ ಹಳದಿ, ಕೆಂಪಿನ ಕೋಶಗಳೂ ಇವೆ. ಬಣ್ಣವೇ ಇಲ್ಲದೆ, ಸಣ್ಣ ಹರಳುಗಳಿಂದ ಬೆಳಕನ್ನು ಪ್ರತಿಫಲಿಸಿ ಹೊಳಪು ಕೊಡುವ ಕೋಶಗಳೂ ಇವೆ. ಹಾಗಾಗಿ ಮೆಲನಿನ್ ನಿಂತುಹೋದ ಮನುಷ್ಯ ಬೆಳ್ಳಗೆ ಕಾಣುತ್ತಾನೆ, ಮೆಲನಿನ್ ನಿಂತುಹೋದ ಕಾರ್ನ್ ಸ್ನೇಕ್ ಬೆಂಕಿ ಕೆಂಪಾಗಿ ಹೊಳೆಯುತ್ತದೆ. ಪ್ರಿಂಟರ್‌ನಲ್ಲಿ ಕಪ್ಪು ಶಾಯಿ ಮಾತ್ರ ಮುಗಿದಂತೆ: ಉಳಿದ ಬಣ್ಣಗಳೆಲ್ಲ ಹಾಗೇ ಇವೆ. ಕಣ್ಣು ಕೆಂಪು, ಮೈ ಕಿತ್ತಳೆ, ಮಚ್ಚೆಗಳ ಸುತ್ತ ಕಪ್ಪಿನ ಬದಲು ಬಿಳಿ ಅಂಚು.

ಇಂಥ ಹಾವೊಂದು 1953ರಲ್ಲಿ ನಾರ್ತ್ ಕೆರೊಲಿನಾದ ಕಾಡಿನಲ್ಲಿ ಸಿಕ್ಕಿತು. ಜಾರ್ಜಿಯಾದ ಚರ್ಮವೈದ್ಯ ಬರ್ನಾರ್ಡ್ ಬೆಕ್ಟೆಲ್ ಅದರಿಂದ ಸಂತಾನ ಪಡೆದು, ಈ ಗುಣ ಮೆಂಡೆಲ್ ಹೇಳಿದ ನಿಯಮದಂತೆಯೇ ನಡೆಯುತ್ತದೆ ಅಂತ ತೋರಿಸಿದರು. ಅಪ್ಪನಿಂದಲೂ ಅಮ್ಮನಿಂದಲೂ ಜೀನ್‌ನ ಕೆಟ್ಟ ಪ್ರತಿ ಬಂದರೆ ಮಾತ್ರ ಕಪ್ಪು ಮಾಯ. ಕೆಂಪು ಇಲ್ಲದೆ ಬೂದು-ಕಪ್ಪಾಗಿ ಕಾಣುವ ಇನ್ನೊಂದು ಬಗೆಯೂ ಇದೆ. ಇವೆರಡನ್ನೂ ಕೂಡಿಸಿದರೆ ಮೊದಲ ತಲೆಮಾರಿನ ಮರಿಗಳೆಲ್ಲ ಕಾಡಿನ ಬಣ್ಣದವೇ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಸರಾಸರಿ 16ರಲ್ಲಿ 9 ಮಾಮೂಲಿ, 3 ಕಪ್ಪಿಲ್ಲದವು, 3 ಕೆಂಪಿಲ್ಲದವು. ಉಳಿದ ಒಂದಕ್ಕೆ ಎರಡೂ ಇಲ್ಲ. ನಸುಗುಲಾಬಿ ಛಾಯೆಯ ಆ ಬಿಳಿ ಹಾವಿಗೆ ವ್ಯಾಪಾರದಲ್ಲಿ ‘ಸ್ನೋ’ ಅಂತ ಹೆಸರು. ಹೈಸ್ಕೂಲಿನಲ್ಲಿ ಬಟಾಣಿ ಗಿಡದ ಪಾಠದಲ್ಲಿ ಬಾಯಿಪಾಠ ಮಾಡಿದ 9:3:3:1 ಇದೇ.

ಕಪ್ಪು ಯಾಕೆ ನಿಲ್ಲುತ್ತದೆ ಅನ್ನುವುದನ್ನು ಜಿನೀವಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪತ್ತೆ ಮಾಡಿತು. ಓಸಿಎ2 ಅನ್ನುವ ಜೀನ್‌ನ ನಡುವೆ, ಜಾಗ ಬದಲಿಸುವ ಡಿಎನ್‌ಎ ತುಂಡೊಂದು ಬಂದು ಕೂತಿತ್ತು. ಮನುಷ್ಯರಲ್ಲೂ ಇದೇ ಜೀನ್ ಕೆಟ್ಟಾಗ ಒಂದು ಬಗೆಯ ಬಿಳಿತನ ಬರುತ್ತದೆ.

ಬಣ್ಣದ ಜೀನ್ ಬರೀ ಬಣ್ಣದ ಕೆಲಸ ಮಾಡಿಕೊಂಡಿದ್ದರೆ ತೊಂದರೆ ಇರಲಿಲ್ಲ. ಎಲ್ಲ ಕಡೆ ಹಾಗಿಲ್ಲ. ಆಫ್ರಿಕಾ ಮೂಲದ ಬಾಲ್ ಪೈಥಾನ್ ಕೂಡ ಬಹಳ ಸಾಧು. ಹೆದರಿದರೆ ಕಚ್ಚುವ ಬದಲು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಅದರಲ್ಲಿ ‘ಸ್ಪೈಡರ್’ ಅನ್ನುವ ಬಗೆಗೆ ಹೊನ್ನಿನ ಮೈಮೇಲೆ ಜೇಡನ ಬಲೆಯಂಥ ಕಪ್ಪು ಗೆರೆಗಳು. ನೋಡಲು ಅದ್ಭುತ. ಆದರೆ ಆ ಹಾವಿನ ತಲೆ ನಡುಗುತ್ತದೆ, ಓಲಾಡುತ್ತದೆ. ಜಾಸ್ತಿಯಾದರೆ ಕತ್ತು ತಿರುಚಿಕೊಳ್ಳುತ್ತದೆ, ಇಲಿಗೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ. ಸಮತೋಲ ಕಾಯುವ ಒಳಕಿವಿಯ ಭಾಗಗಳೇ ವಿಕಾರವಾಗಿರುವುದು 2022ರ ಅಧ್ಯಯನದಲ್ಲಿ ಕಂಡಿತು. ಇದು ಗೊತ್ತಿದ್ದೂ ಮಾರುವವರಿದ್ದಾರೆ. ಗೊತ್ತಾದ ಮೇಲೆ ನಾವು ಕೊಳ್ಳಬಾರದು, ಅಷ್ಟೇ.

ಇನ್ನು ಸಾಧುತನ. ಹಾವು ನಮ್ಮನ್ನು ಪ್ರೀತಿಸುವುದಿಲ್ಲ. ಮಗುವಿಗೆ ಇದನ್ನು ಮೊದಲೇ ಹೇಳಿಬಿಡಿ. ನಮ್ಮಿಂದ ಅಪಾಯವಿಲ್ಲ ಅಂತ ಅದಕ್ಕೆ ಅಭ್ಯಾಸವಾಗುತ್ತದೆ, ಸುಮ್ಮನಿರುತ್ತದೆ. ಆಗತಾನೇ ಮೊಟ್ಟೆಯೊಡೆದ ಕಾರ್ನ್ ಸ್ನೇಕ್ ಮರಿ ಪೆನ್ಸಿಲಿಗಿಂತ ದಪ್ಪವಿಲ್ಲ. ಹದ್ದಿನಿಂದ ಹಿಡಿದು ಬೆಕ್ಕಿನವರೆಗೆ ಎಲ್ಲವೂ ಅದಕ್ಕೆ ಶತ್ರು. ಅದಕ್ಕೇ ಕತ್ತನ್ನು ಬಾಗಿಸಿ ನಿಲ್ಲುತ್ತದೆ, ಬಾಲ ಅದುರಿಸಿ ಹೆದರಿಸುತ್ತದೆ. ವರ್ಷ ಕಳೆದು, ಮೈ ಬೆಳೆದು, ಮನುಷ್ಯರ ಕೈ ಅಭ್ಯಾಸವಾದ ಮೇಲೆ ಈ ಗಾಬರಿ ಇಳಿಯುತ್ತದೆ. ಆದ್ದರಿಂದ ಅಗ್ಗಕ್ಕೆ ಸಿಕ್ಕಿತು ಅಂತ ಪುಟ್ಟ ಮರಿ ತರುವುದಕ್ಕಿಂತ, ವರ್ಷ ದಾಟಿ ಸರಿಯಾಗಿ ತಿನ್ನುತ್ತಿರುವ ಹಾವು ಮಕ್ಕಳಿರುವ ಮನೆಗೆ ಮೇಲು. ಕಾಡಿನಿಂದ ಹಿಡಿದು ತಂದದ್ದಂತೂ ಬೇಡವೇ ಬೇಡ.

ಸಾಧು ಹಾವೂ ಕಚ್ಚುವ ಹೊತ್ತುಗಳಿವೆ. ಕೈಗೆ ಇಲಿಯ ವಾಸನೆ ಹತ್ತಿದ್ದರೆ ಕೈಯೇ ಊಟ ಅಂದುಕೊಳ್ಳುತ್ತದೆ. ಪೊರೆ ಬಿಡುವ ಮುಂಚೆ ಕಣ್ಣು ಮಬ್ಬಾಗಿ ನೀಲಿಯಾಗುತ್ತದೆ. ಆಗ ಸರಿಯಾಗಿ ಕಾಣದೆ ಸಿಡುಕುತ್ತದೆ. ಉಂಡ ಮೇಲೆ ಎರಡು ದಿನ ಮುಟ್ಟದಿದ್ದರೆ ಒಳ್ಳೆಯದು, ಇಲ್ಲದಿದ್ದರೆ ತಿಂದದ್ದನ್ನು ಕಕ್ಕಿಬಿಡಬಹುದು. ಎತ್ತುವಾಗ ಮೇಲಿನಿಂದ ಕೈ ಇಳಿಸಬೇಡಿ, ಹದ್ದು ಎರಗುವುದೂ ಮೇಲಿನಿಂದಲೇ. ಪಕ್ಕದಿಂದ, ಮೈಯ ನಡುಭಾಗ ಹಿಡಿದು ನಿಧಾನಕ್ಕೆ ಎತ್ತಬೇಕು. ಮಗು ನೆಲದ ಮೇಲೆ ಕೂತಿರಲಿ, ದೊಡ್ಡವರು ಪಕ್ಕದಲ್ಲಿರಲಿ. ಕಚ್ಚಿದರೂ ಮುಳ್ಳು ತರಚಿದಷ್ಟೇ ಗಾಯ.

ನನ್ನ ಪ್ರಕಾರ ಕಚ್ಚುವುದಕ್ಕಿಂತ ದೊಡ್ಡ ಚಿಂತೆ ಸಾಲ್ಮೊನೆಲ್ಲಾ. ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲೂ ಹೊಟ್ಟೆ ಕೆಡಿಸುವ ಈ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುತ್ತದೆ. 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ಆ ದೇಶ 1975ರಲ್ಲಿ ನಿಲ್ಲಿಸಿದ್ದೂ ಇದೇ ಕಾರಣಕ್ಕೆ. ಹಾವು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಮುತ್ತು ಗಿತ್ತು ಕೊಡಬಾರದು. ಅದರ ಪೆಟ್ಟಿಗೆ, ನೀರಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ಮನೆ ಹೊಂದಿಸುವುದು ಕಷ್ಟವಲ್ಲ. ಬೆಳೆದ ಹಾವಿಗೆ ಸುಮಾರು 4 ಅಡಿ ಉದ್ದದ ಪೆಟ್ಟಿಗೆ. ಒಂದು ತುದಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇನ್ನೊಂದು ತುದಿ 23ರ ಸುಮಾರು, ಬಿಸಿ ಹದ್ದುಮೀರದಂತೆ ನೋಡಿಕೊಳ್ಳಲು ಥರ್ಮೊಸ್ಟಾಟ್. ಎರಡೂ ಕಡೆ ಅವಿತುಕೊಳ್ಳಲು ಜಾಗ ಬೇಕು. ಮುಚ್ಚಳಕ್ಕೆ ಚಿಲಕ ಇರಲೇಬೇಕು. ಸಂದು ಸಿಕ್ಕರೆ ಪರಾರಿಯಾಗುವುದರಲ್ಲಿ ಈ ಹಾವು ನಿಸ್ಸೀಮ.

ಸಸ್ಯಾಹಾರಿ ಮನೆಗಳಿಗೆ ನಿಜವಾದ ಪರೀಕ್ಷೆ ಫ್ರೀಜರ್‌ನಲ್ಲಿದೆ. ಹಾವುಗಳಲ್ಲಿ ಸಸ್ಯಾಹಾರಿ ಅನ್ನುವುದೇ ಇಲ್ಲ. ಹೆಪ್ಪುಗಟ್ಟಿಸಿದ ಸತ್ತ ಇಲಿಗಳನ್ನು ತಂದಿಟ್ಟು, ಕರಗಿಸಿ ಕೊಡಬೇಕು. ಮರಿಗೆ ವಾರಕ್ಕೊಂದು, ದೊಡ್ಡದಕ್ಕೆ 10-14 ದಿನಕ್ಕೊಂದು. ಆಫ್ರಿಕಾದಲ್ಲಿ ಹಕ್ಕಿಯ ಮೊಟ್ಟೆ ಮಾತ್ರ ತಿನ್ನುವ ಹಾವಿದೆ. ಅದರ ಬಾಯಿಗೆ ಹಿಡಿಸುವಷ್ಟು ಚಿಕ್ಕ ಮೊಟ್ಟೆಗಳನ್ನು ಹುಡುಕುವುದೇ ಒಂದು ಉದ್ಯೋಗ ಆಗುತ್ತದೆ. ಅದರಲ್ಲಿ ಬಣ್ಣವೂ ಇಲ್ಲ ಬಿಡಿ. ಕಾರ್ನ್ ಸ್ನೇಕ್ 15-20 ವರ್ಷ ಬದುಕುತ್ತದೆ. ಎಂಟು ವರ್ಷದ ಮಗಳು ಕಾಲೇಜಿಗೆ ಹೋದ ಮೇಲೆ ಆ ಇಲಿ ಕರಗಿಸುವವರು ನೀವೇ.

ಕೊಳ್ಳುವ ಮುನ್ನ ನಿಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಜಾರ್ಜಿಯಾದಲ್ಲಿ ಅಲ್ಲಿನ ವಿಷವಿಲ್ಲದ ಹಾವುಗಳನ್ನು ಸಾಕುವುದಕ್ಕೆ ನಿಷೇಧವಿದೆ. ಬೆಕ್ಟೆಲ್ ಅವರ ರಾಜ್ಯದಲ್ಲೇ ಈಗ ಕಾರ್ನ್ ಸ್ನೇಕ್ ಮನೆಯಲ್ಲಿಡುವಂತಿಲ್ಲ!

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ಲೆಕ್ಕ ಬೇರೆ. ಕೇರೆ, ಮಣ್ಣುಮುಕ್ಕ, ಹೆಬ್ಬಾವು ಯಾವುದನ್ನೂ ಮನೆಯಲ್ಲಿಡುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್‌ನಂತೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ವಿದೇಶಿ ಹಾವು ಇದ್ದವರು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಮಾರುಕಟ್ಟೆಗೆ ಬರುವ ವಿದೇಶಿ ಹಾವುಗಳಲ್ಲಿ ಕಳ್ಳಸಾಗಣೆಯವೂ ಇವೆ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಚೀಲದಿಂದ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು 10 ಹಳದಿ ಅನಕೊಂಡಗಳನ್ನು ಹೊರತೆಗೆದರು. ಯಾರಾದರೂ ‘ಬಣ್ಣದ ಮರಿ ಇದೆ, ಪೇಪರ್ ಎಲ್ಲ ಪಕ್ಕಾ’ ಅಂದರೆ, ಮರಿ ಆಮೇಲೆ, ಮೊದಲು ಪೇಪರ್ ತೋರಿಸಿ ಅನ್ನಿ.