ಎಂಟರ್ ಒತ್ತಿದರೆ ಏನಾಗಬೇಕು?

ವಿಂಡೋಸ್‌ನಲ್ಲಿ ಒಂದು ಫೈಲನ್ನು ಆರಿಸಿ ಎಂಟರ್ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಅದೇ ಎಂಟರ್ ಒತ್ತಿದರೆ ಫೈಲಿನ ಹೆಸರು ಬದಲಿಸಲು ಜಾಗ ಮಾಡಿಕೊಡುತ್ತದೆ. ತೆರೆಯಬೇಕೆಂದರೆ ಕಮಾಂಡ್ ಕೀಲಿ ಹಿಡಿದು ಓ ಒತ್ತಬೇಕು. ವಿಂಡೋಸ್ ಬಿಟ್ಟು ಮ್ಯಾಕ್ ಹಿಡಿದ ಮೊದಲ ವಾರ ನಾನು ಎಷ್ಟು ಫೈಲುಗಳಿಗೆ ಮರುನಾಮಕರಣ ಮಾಡಿದೆನೋ ಲೆಕ್ಕವಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಕಾಲೇಜಿನಿಂದಲೂ ಮ್ಯಾಕ್ ಬಳಸಿದವಳು. ನನ್ನ ಗೊಣಗಾಟ ಕೇಳಿ, "ಫೈಲ್ ತೆರೆಯೋಕೆ ಎಂಟರ್ ಯಾಕೆ ಒತ್ತುತ್ತೀಯಾ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಂಡೋಸ್, ಮ್ಯಾಕ್, ಲಿನಕ್ಸ್ ಇವುಗಳಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಸುಲಭ ಎಂಬ ಜಗಳದಲ್ಲಿ ಮುಕ್ಕಾಲು ಪಾಲು ಇಂಥದ್ದೇ. ಮೊದಲು ಕಲಿತದ್ದಕ್ಕೆ ನಾವು ಸುಲಭ ಎಂದು ಹೆಸರಿಟ್ಟಿರುತ್ತೇವೆ. ಹಾಗಂತ ಎಲ್ಲವೂ ಅಭ್ಯಾಸದ ಮಾತಲ್ಲ. ಅಳೆದು ನೋಡಬಹುದಾದ ಸಂಗತಿಗಳೂ ಇವೆ.

1954ರಲ್ಲಿ, ಮೌಸ್ ಇನ್ನೂ ಹುಟ್ಟಿರದ ಕಾಲದಲ್ಲಿ, ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಜನರ ಕೈಗೆ ಲೋಹದ ಕಡ್ಡಿ ಕೊಟ್ಟು, ಎರಡು ಪಟ್ಟಿಗಳನ್ನು ಒಂದಾದ ಮೇಲೊಂದು ಬೇಗಬೇಗ ಮುಟ್ಟಿಸಿ ನೋಡಿದರು. ಪಟ್ಟಿ ದೂರ ಹೋದಷ್ಟೂ, ಸಣ್ಣದಾದಷ್ಟೂ ಕೈ ನಿಧಾನ. ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಅವರು ಅದಕ್ಕೊಂದು ಸೂತ್ರ ಕೊಟ್ಟರು. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಮೌಸನ್ನು ಪರೀಕ್ಷಿಸಿದಾಗ ಅದೇ ಸೂತ್ರ ಅಲ್ಲಿಯೂ ಹೊಂದಿತು.

ಈಗ ಪರದೆಯ ಅಂಚನ್ನು ನೋಡಿ. ಮೌಸಿನ ಬಾಣವನ್ನು ಎಷ್ಟೇ ಜೋರಾಗಿ ತಳ್ಳಿದರೂ ಅದು ಅಂಚು ದಾಟುವುದಿಲ್ಲ. ಕಾಂಪೌಂಡ್ ಗೋಡೆಗೆ ತಾಗಿ ನಿಲ್ಲುವ ಚೆಂಡಿನ ಹಾಗೆ ಅಲ್ಲೇ ನಿಲ್ಲುತ್ತದೆ. ಅಂದರೆ ಅಂಚಿನಲ್ಲಿರುವ ಗುಂಡಿ ಕಣ್ಣಿಗೆ ಎಷ್ಟೇ ಸಣ್ಣದಾಗಿದ್ದರೂ ಕೈಗೆ ಬಹಳ ದೊಡ್ಡದು. ಮೂಲೆ ಇನ್ನೂ ದೊಡ್ಡದು, ಎರಡು ಕಡೆ ಗೋಡೆ ಇದೆಯಲ್ಲ. 1984ರ ಮೊದಲ ಮ್ಯಾಕಿಂಟೋಷ್‌ನಿಂದ ಇಂದಿನವರೆಗೂ ಆಪಲ್ ಮೆನು ಸಾಲನ್ನು ಪರದೆಯ ಮೇಲಂಚಿನಲ್ಲೇ ಇಟ್ಟಿದೆ. ವಿಂಡೋಸ್‌ನಲ್ಲಿ ಮೆನು ಆಯಾ ಕಿಟಕಿಯ ಒಳಗೇ ಇರುತ್ತದೆ. ಅಲ್ಲಿಗೆ ಗುರಿ ಇಡಬೇಕು. ಈ ಒಂದು ವಿಷಯದಲ್ಲಿ ಮ್ಯಾಕ್ ಗೆದ್ದಿತು ಎನ್ನೋಣ ಎಂದರೆ, ಈಗಿನ ಅಗಲವಾದ ಮಾನಿಟರ್‌ಗಳಲ್ಲಿ ಕೆಳಗಿನ ಮೂಲೆಯ ಕಿಟಕಿಯಿಂದ ಮೇಲಂಚಿಗೆ ಹೋಗುವುದೇ ಒಂದು ಪ್ರಯಾಣ. ಫಿಟ್ಸ್ ಸೂತ್ರದಲ್ಲಿ ದೂರವೂ ಇದೆ.

ವಿಂಡೋಸ್ 95ರ ಸ್ಟಾರ್ಟ್ ಗುಂಡಿಯ ಕತೆ ನನಗೆ ಇನ್ನೂ ಇಷ್ಟ. ನೋಡಲು ಅದು ಎಡಗಡೆ ಕೆಳಮೂಲೆಯಲ್ಲಿತ್ತು. ನಿಜದಲ್ಲಿ ಮೂಲೆಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದಿತ್ತು. ಬಾಣವನ್ನು ಮೂಲೆಗೆ ತಳ್ಳಿ ಕ್ಲಿಕ್ ಮಾಡಿದರೆ ಕ್ಲಿಕ್ ಆ ಸಂದಿಗೆ ಬೀಳುತ್ತಿತ್ತು, ಏನೂ ಆಗುತ್ತಿರಲಿಲ್ಲ. ಮುಂದಿನ ಆವೃತ್ತಿಗಳಲ್ಲಿ ಸಂದು ಮುಚ್ಚಿದರು. ಆಮೇಲೆ 2012ರ ವಿಂಡೋಸ್ 8ರಲ್ಲಿ ಗುಂಡಿಯನ್ನೇ ತೆಗೆದುಬಿಟ್ಟರು. 17 ವರ್ಷ ಅದೇ ಮೂಲೆಗೆ ಹೋಗಿ ರೂಢಿಯಾದ ಕೈಗಳು ಖಾಲಿ ಜಾಗದ ಮೇಲೆ ಸುಮ್ನೆ ಸುತ್ತಾಡಿದವು. ಮರುವರ್ಷವೇ 8.1ರಲ್ಲಿ ಗುಂಡಿ ವಾಪಸ್ ಬಂತು. 2021ರ ವಿಂಡೋಸ್ 11ರಲ್ಲಿ ಅದು ಕೆಳಸಾಲಿನ ನಡುಭಾಗಕ್ಕೆ ಬಂದು ಕೂತಿದೆ. ಬೇಕಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಎಡಕ್ಕೆ ತಳ್ಳಬಹುದು. ಅಷ್ಟು ಒಳ್ಳೆಯ ಮೂಲೆಯನ್ನು ಬಿಟ್ಟುಕೊಟ್ಟದ್ದು ನನಗಂತೂ ಸರಿ ಕಾಣುವುದಿಲ್ಲ.

ಲಿನಕ್ಸ್ ಕಷ್ಟ ಎಂಬ ಮಾತು ಬಂದದ್ದು, ಅಕ್ಷರದಲ್ಲಿ ಆಜ್ಞೆ ಬರೆದು ಕೆಲಸ ಮಾಡಿಸುವ ಅದರ ಟರ್ಮಿನಲ್‌ನಿಂದ. ಕಪ್ಪು ಕಿಟಕಿ, ಬಿಳಿ ಅಕ್ಷರ, ಎದುರಿಗೆ ಮಿಣುಕುವ ಒಂದು ಗೆರೆ. ಏನು ಬರೆಯಬೇಕೆಂದು ಅದು ಹೇಳುವುದಿಲ್ಲ. 2004ರಲ್ಲಿ ಬಂದ ಉಬುಂಟು ಎಂಬ ಲಿನಕ್ಸ್ ಮತ್ತು ಅದರ ನಂತರದವುಗಳಲ್ಲಿ ದಿನದ ಕೆಲಸಕ್ಕೆ ಆ ಕಿಟಕಿ ತೆರೆಯುವ ಅಗತ್ಯ ಹೆಚ್ಚೇನಿಲ್ಲ. ಆದರೂ ಟರ್ಮಿನಲ್ ಪರವಾಗಿ ಒಂದು ಮಾತು. ಊರಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಕಂಪ್ಯೂಟರ್ ಸರಿಮಾಡಲು ಹೇಳಿಕೊಟ್ಟಿದ್ದೀರಾ? "ಮೇಲೆ ಬಲಗಡೆ ಚಕ್ರದ ಥರ ಒಂದು ಗುರುತು ಇದೆ ನೋಡಿ... ಅದಲ್ಲ, ಅದರ ಪಕ್ಕದ್ದು..." ಅರ್ಧ ಗಂಟೆ ಹೋಗುತ್ತದೆ. ಟರ್ಮಿನಲ್ ಆದರೆ ಒಂದು ಸಾಲನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಮುಗಿಯಿತು. ಚಿತ್ರ ತೋರಿಸಿ ಕೆಲಸ ಮಾಡುವುದು ಕಣ್ಣೆದುರು ಕೂತವರಿಗೆ ಸುಲಭ. ದೂರದಿಂದ ಹೇಳಿಕೊಡುವವರಿಗೆ ಅಕ್ಷರವೇ ಸುಲಭ. ಇನ್ನು ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸ್ ಮೇಲೆ. ಅಲ್ಲಿ ಮೊದಲ ಸಲ ಮೌಸ್ ಹಿಡಿದ ಮಗುವಿಗೆ ಅದು ಬರೀ ಕಂಪ್ಯೂಟರ್, ಅಷ್ಟೇ.

ಸುಲಭ ಎಂದರೇನು ಎನ್ನುವುದಕ್ಕೆ ಐಎಸ್‌ಒ 9241 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ಅದರ 11ನೇ ಭಾಗ ನೋಡುವುದು ಮೂರು ವಿಷಯ: ಕೆಲಸ ಆಯಿತೇ, ಅದಕ್ಕೆ ಎಷ್ಟು ಶ್ರಮ ಬಿತ್ತು, ಮಾಡಿದವರಿಗೆ ಸಮಾಧಾನವಾಯಿತೇ. ಆದರೆ ಅದಕ್ಕೂ ಮೊದಲು ಯಾರಿಗೆ, ಯಾವ ಕೆಲಸಕ್ಕೆ, ಎಂಥ ಸನ್ನಿವೇಶದಲ್ಲಿ ಎಂದು ಹೇಳಲೇಬೇಕು. ಅದನ್ನು ಹೇಳದೆ "ಇದು ಸುಲಭ" ಎಂದರೆ ಆ ಮಾತಿಗೆ ಅರ್ಥವಿಲ್ಲ.

ನಮ್ಮ ಮನೆಯಲ್ಲಿ ಆ "ಯಾರಿಗೆ" ಎಂದರೆ ಅಪ್ಪ. ಕಚೇರಿಯಲ್ಲಿ ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ನಿವೃತ್ತರಾದವರು. ಅವರ ಬೆರಳಿಗೆ ಗೊತ್ತಿರುವುದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ. ಅದರಲ್ಲಿ "ಅಕ್ಕ" ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತಬೇಕು. ಎಫ್ ಎಂದರೆ ಒತ್ತಕ್ಷರಕ್ಕೆ ದಾರಿ. ಆದರೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಎದುರಾಗುವ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್. ಭಾರತದ ಭಾಷೆಗಳಿಗೆಲ್ಲ ಒಂದೇ ಜೋಡಣೆ ಇರಲಿ ಎಂದು ಮಾಡಿದ್ದು. ಕನ್ನಡ ಕಲಿತ ಬೆರಳು ತೆಲುಗನ್ನೂ ಹೊಡೆಯಬಲ್ಲದು, ಆ ಮಟ್ಟಿಗೆ ಜಾಣತನದ್ದೇ. ಅದರಲ್ಲಿ ಒತ್ತಕ್ಷರ ಇರುವುದು ಪಕ್ಕದ ಡಿ ಕೀಲಿಯಲ್ಲಿ. ಎಫ್‌ನಲ್ಲಿರುವುದು ಗುಡಿಸು. ಹಾಗಾಗಿ ಅಪ್ಪ "ಅಕ್ಕ" ಹೊಡೆದರೆ ಮೊದಲು ಅಂಟಿಕೊಳ್ಳಲು ಅಕ್ಷರವೇ ಇಲ್ಲದ ಒಂದು ಓತ್ವ, ಅದರ ಹಿಂದೆ "ಕಿಕ". ಮ್ಯಾಕ್‌ನ ಕನ್ನಡ ಕೀಲಿಮಣೆಯಲ್ಲೂ ಇದೇ "ಕಿಕ". 2019ರಲ್ಲಿ ವಿಂಡೋಸ್ 10ಕ್ಕೆ ಇಂಗ್ಲಿಷ್ ಉಚ್ಚಾರದ ಮೇಲೆ ನಡೆಯುವ ಕನ್ನಡ ಕೀಲಿಮಣೆಯೂ ಸೇರಿತು. ಅದು ಅಪ್ಪನ ಬೆರಳಿಗೆ ಮತ್ತೂ ಹೊಸದು. ನುಡಿಯನ್ನೇ ತಂದು ಹಾಕಿಕೊಳ್ಳಬಹುದು, ಆದರೆ ಅದು ಗೊತ್ತಿರಬೇಕಲ್ವಾ.

ತಮ್ಮನ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ. ಅದರ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ "ಕಗಪ" ಎಂಬ ಆಯ್ಕೆ ಸಿಕ್ಕಿತು. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳು ಅವು, ನುಡಿ ರೂಪಿಸಿದ ಸಂಸ್ಥೆ. ಏನೂ ಇಳಿಸಿಕೊಳ್ಳದೆ ಅದನ್ನೇ ಆರಿಸಿ ಅಪ್ಪನ ಮುಂದಿಟ್ಟೆವು. ಮೊದಲು ಪೆನ್‌ಡ್ರೈವ್‌ನಲ್ಲಿದ್ದ ತಮ್ಮ ಹಳೆಯ ಪತ್ರ ತೆರೆದರು. ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟ್ ಇಲ್ಲದಿದ್ದರೆ ಯಾವ ಸಿಸ್ಟಮ್ ಆದರೂ ಇದೇ ಪಾಡು. ಅಪ್ಪ ಅದನ್ನು ಮುಚ್ಚಿ ಹೊಸ ಪುಟ ತೆಗೆದರು. ಕೀಲಿಮಣೆ ನೋಡದೆ ದೊಡ್ಡಪ್ಪನಿಗೆ ಎರಡು ಪುಟ ಪತ್ರ ಹೊಡೆದರು. ಲಿನಕ್ಸ್ ಎಂಬ ಹೆಸರು ಆವತ್ತಿನವರೆಗೆ ಅವರ ಕಿವಿಗೇ ಬಿದ್ದಿರಲಿಲ್ಲ.

ಪತ್ರ ಮುಗಿದ ಮೇಲೆ ಬಾಣವನ್ನು ಎಡಗಡೆ ಕೆಳಮೂಲೆಗೆ ಒಯ್ದು ಸ್ವಲ್ಪ ಹೊತ್ತು ಹುಡುಕಾಡಿದರು. ಆಮೇಲೆ ಕನ್ನಡಕ ಮೇಲೇರಿಸಿ ಕೇಳಿದರು: "ಆಫ್ ಮಾಡಬೇಕಿತ್ತು. ಇದರಲ್ಲಿ ಸ್ಟಾರ್ಟ್ ಎಲ್ಲಿದೆಯೋ?"